ಟೈಟಾನಿಕ್ಕಿನ ರಿವೆಟ್‌ನಲ್ಲಿ ಕಿಟ್ಟ ಎಷ್ಟು?



ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ಕನ್ನಡ ಹೊತ್ತಿನ ಫೋನ್-ಇನ್‌ಗೆ ಟೈಟಾನಿಕ್ ಹಡಗಿನ ಮೇಲೆ ಒಂದಾದರೂ ಪ್ರಶ್ನೆ ಬಂದೇ ಬರುತ್ತದೆ. ಸಾಮಾನ್ಯವಾಗಿ ಸಿನಿಮಾದ ಹಾಡು ಹಾಕಿ ಅಂತಾರೆ, ನಾವೂ ಹಾಕುತ್ತೇವೆ. ಈ ಸಲ ಬಂದ ಪ್ರಶ್ನೆ ಬೇರೆ ಥರದ್ದು. "ಹಡಗು ಮುಳುಗಿದ್ದು ಹಿಮಗಡ್ಡೆಯಿಂದಲ್ಲ, ಕಳಪೆ ಕಬ್ಬಿಣದಿಂದ ಅಂತ ಓದಿದೆ. ನಿಜಾನಾ? ಒಂದು ಕಬ್ಬಿಣ ಕಳಪೆ ಅಂತ ಹೇಗೆ ಗೊತ್ತಾಗುತ್ತೆ?" ಎರಡು ಹಾಡುಗಳ ನಡುವೆ ಸಿಗುವ ತೊಂಬತ್ತು ಸೆಕೆಂಡಿನಲ್ಲಿ ಇದಕ್ಕೆ ಉತ್ತರ ಹೇಳುವುದು ಸಾಧ್ಯವೇ? ಅದಕ್ಕೇ ಈ ಪುಟಕ್ಕೆ ತಂದಿದ್ದೇನೆ. ನಾನು ಓದಿದ್ದು ಕನ್ನಡ ಬಿ.ಎ.; ಲೋಹಶಾಸ್ತ್ರ ನನ್ನ ಊಟದ ತಟ್ಟೆಯಲ್ಲ. ಹಾಗಾಗಿ ಉದಾಹರಣೆಗಳು ಮಾತ್ರ ನಮ್ಮ ಅಡಿಗೆಮನೆಯಿಂದಲೇ ಬರುತ್ತವೆ, ಸಹಿಸಿಕೊಳ್ಳಿ.

ಮೊದಲು ಹಡಗಿನ ಕಥೆಯನ್ನು ಚುಟುಕಾಗಿ ನೋಡೋಣ. 1912ರ ಏಪ್ರಿಲ್ 14ರ ರಾತ್ರಿ 11.40ಕ್ಕೆ ಹಿಮಗಡ್ಡೆ ತಾಗಿತು. 15ರ ಬೆಳಗಿನ ಜಾವ 2.20ಕ್ಕೆ ಹಡಗು ಮುಳುಗಿತು. ನಡುವೆ ಇದ್ದದ್ದು 2 ಗಂಟೆ 40 ನಿಮಿಷ. ನೆರವಿಗೆ ಓಡಿಬಂದ ಕಾರ್ಪೇಥಿಯಾ ಹಡಗು ಅಲ್ಲಿಗೆ ತಲುಪುವಾಗ ಸುಮಾರು 4 ಗಂಟೆ. 1,500ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳ ಮಂದಿ ಕೊರೆಯುವ ನೀರಿನ ಚಳಿಗೇ ಸತ್ತರು. ಈ ಒಂದೂವರೆ ಗಂಟೆಯ ಅಂತರವನ್ನು ನೆನಪಿಡಿ, ಇಡೀ ಜಗಳ ಇರುವುದೇ ಅದರ ಮೇಲೆ.

ಹಿಮಗಡ್ಡೆ ಹಡಗಿನ ಪಕ್ಕೆಯನ್ನು ಮುನ್ನೂರು ಅಡಿ ಉದ್ದಕ್ಕೆ ಕೊಡಲಿಯಲ್ಲಿ ಸೀಳಿದ ಹಾಗೆ ಸೀಳಿತು ಎಂದು ಬಹಳ ಕಾಲ ಜನ ನಂಬಿದ್ದರು. ಹಡಗು ಕಟ್ಟಿದ ಬೆಲ್‌ಫಾಸ್ಟಿನ ಹಾರ್ಲೆಂಡ್ ಅಂಡ್ ವುಲ್ಫ್ ಕಂಪನಿಯ ಎಂಜಿನಿಯರ್ ಎಡ್ವರ್ಡ್ ವೈಲ್ಡಿಂಗ್ 1912ರ ವಿಚಾರಣೆಯಲ್ಲೇ ಬೇರೆ ಲೆಕ್ಕ ಕೊಟ್ಟಿದ್ದರು. ನೀರು ತುಂಬಿದ ವೇಗ ನೋಡಿದರೆ ಒಟ್ಟು ತೂತು ಸುಮಾರು 12 ಚದರಡಿ ಇರಬೇಕು, ಅಷ್ಟೇ! ನಮ್ಮ ಮಹಾನಗರದ ಫ್ಲ್ಯಾಟಿನ ಬಚ್ಚಲಮನೆ ಬಾಗಿಲು ಇದಕ್ಕಿಂತ ದೊಡ್ಡದಿರುತ್ತದೆ. 1985ರಲ್ಲಿ ಹಡಗಿನ ಅವಶೇಷ ಸಿಕ್ಕಿತು. 1996ರಲ್ಲಿ ಕೆಸರಿನೊಳಗೆ ಸೋನಾರ್ ಹಾಯಿಸಿ ನೋಡಿದಾಗ ಕಂಡದ್ದು ಆರು ತೆಳು ಸೀಳುಗಳು, ಅವೂ ಉಕ್ಕಿನ ಹಲಗೆಗಳ ಜೋಡಣೆಯ ಗೆರೆಗುಂಟ. ಅಂದರೆ ಹಲಗೆ ಹರಿದಿರಲಿಲ್ಲ, ಹೊಲಿಗೆ ಬಿಚ್ಚಿತ್ತು.

ಆ ಹೊಲಿಗೆಯ ದಾರವೇ ರಿವೆಟ್. ವೆಲ್ಡಿಂಗ್ ಇಲ್ಲದ ಕಾಲ ಅದು. ಕೆಂಪಗೆ ಕಾಯಿಸಿದ ಗುಂಡುಮೊಳೆಯನ್ನು ಎರಡು ಹಲಗೆಗಳ ತೂತಿನೊಳಗೆ ತೂರಿಸಿ, ಆಚೆ ಬದಿಯಲ್ಲಿ ಬಡಿದು ತಲೆ ಮಾಡುತ್ತಿದ್ದರು. ಮೊಳೆ ತಣ್ಣಗಾಗಿ ಕುಗ್ಗಿದಾಗ ಹಲಗೆಗಳನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಟೈಟಾನಿಕ್ಕಿನಲ್ಲಿ ಇಂಥವು 30 ಲಕ್ಷಕ್ಕೂ ಹೆಚ್ಚು. ಹಡಗಿನ ನಡುಭಾಗದಲ್ಲಿ ಯಂತ್ರದಿಂದ ಒತ್ತಿದ ಉಕ್ಕಿನ ರಿವೆಟ್‌ಗಳು. ಮೂತಿ ಮತ್ತು ಬಾಲ ಬಾಗಿರುವುದರಿಂದ ಅಲ್ಲಿಗೆ ಆ ಭಾರಿ ಯಂತ್ರ ಹೋಗುವುದಿಲ್ಲ; ಅಲ್ಲಿ ಕೈಯಲ್ಲಿ ಬಡಿದದ್ದು, ಮೆದು ಕಬ್ಬಿಣದ ರಿವೆಟ್‌ಗಳು. ಹಿಮಗಡ್ಡೆ ತಾಗಿದ್ದು ಮೂತಿಗೆ.

ಈ ಮೆದು ಕಬ್ಬಿಣ ಎನ್ನುವುದು ಒಂದು ವಸ್ತುವಲ್ಲ, ಎರಡು. ಕುಲುಮೆಯಲ್ಲಿ ಕರಗಿದ ಕಬ್ಬಿಣವನ್ನು ಉದ್ದ ಸಲಾಕೆಯಿಂದ ಕದಡಿ ಕದಡಿ ಅದರ ಇಂಗಾಲ ಸುಡುತ್ತಿದ್ದರು. ಕೊನೆಗೆ ಮುದ್ದೆಯಂತೆ ಸೇರಿಕೊಂಡ ಕಬ್ಬಿಣದ ಜೊತೆಗೆ ಗಾಜಿನಂಥ ಕಸವೂ ಸಿಕ್ಕಿಕೊಂಡಿರುತ್ತಿತ್ತು. ಅದಕ್ಕೆ ನಮ್ಮಲ್ಲಿ ಚೆಂದದ ಹೆಸರಿದೆ: ಕಿಟ್ಟ. ಮುದ್ದೆಯನ್ನು ಬಡಿದು, ಉರುಳೆಗಳ ನಡುವೆ ಲಟ್ಟಿಸಿ ಸರಳು ಮಾಡಿದಾಗ ಕಿಟ್ಟವೂ ಕಬ್ಬಿಣದ ಜೊತೆ ಉದ್ದಕ್ಕೆ ಎಳೆದುಕೊಂಡು ನಾರು ನಾರಾಗುತ್ತದೆ. ಕಬ್ಬಿನ ಜಲ್ಲೆಯನ್ನು ಉದ್ದಕ್ಕೆ ಸೀಳಿದರೆ ಕಾಣುತ್ತದಲ್ಲ, ಹಾಗೆ. ಹೀಗೆ ಎರಡು ಬೇರೆ ಬೇರೆ ಗುಣದ ಭಾಗಗಳು ಬೆರೆತಿರುವ ಪದಾರ್ಥಕ್ಕೆ ವಿಜ್ಞಾನದವರು ಎರಡು ಪ್ರಾವಸ್ಥೆಯ ವಸ್ತು, ಟೂ-ಫೇಸ್ ವಸ್ತು, ಅನ್ನುತ್ತಾರೆ. ಒಳಗೆ ಅವು ಹೇಗೆ ಬೆರೆತಿವೆ ಎನ್ನುವ ಚಿತ್ರವೇ ಸೂಕ್ಷ್ಮರಚನೆ. ಹುಡುಕಿದರೆ ಮನೆಯಲ್ಲೇ ಬೇಕಾದಷ್ಟು ಸಿಗುತ್ತವೆ: ಶೇಂಗಾ ಚಿಕ್ಕಿಯಲ್ಲಿ ಬೆಲ್ಲ ಮತ್ತು ಶೇಂಗಾ, ಮೈಸೂರು ಪಾಕಿನಲ್ಲಿ ಪಾಕ ಮತ್ತು ಗಾಳಿ.

ಲೋಹದ ಒಳಗನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿಗೆ ಬುನಾದಿ ಹಾಕಿದವರು ಇಂಗ್ಲೆಂಡಿನ ಶೆಫೀಲ್ಡ್‌ನ ಹೆನ್ರಿ ಕ್ಲಿಫ್ಟನ್ ಸಾರ್ಬಿ, 1863-64ರಲ್ಲಿ. ರೈಲು ಅಪಘಾತವಾದಾಗ ಹಳಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎಂದಿದ್ದರೆ ಆ ಕಾಲದ ಜನ ತನ್ನನ್ನು ಹುಚ್ಚಾಸ್ಪತ್ರೆಗೆ ಸೇರಿಸುತ್ತಿದ್ದರು ಎಂದು ಅವರೇ ಆಮೇಲೆ ಹೇಳಿಕೊಂಡಿದ್ದರು. ಉಕ್ಕಿನ ಕುತೂಹಲ ಯುರೋಪಿಗೆ ಹತ್ತಿಕೊಂಡದ್ದರಲ್ಲಿ ನಮ್ಮ ಪಾಲೂ ಇದೆ, ಮುಂಬೈ ಕೇಳುಗರು ಇದನ್ನು ಗಮನಿಸಬೇಕು. 1794ರಲ್ಲಿ ಬೊಂಬಾಯಿಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್ ಇಲ್ಲಿಯ ಒಂದು ಉಕ್ಕಿನ ಮಾದರಿಯನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದರು. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಬರೆದರು. ಅದರಲ್ಲಿ ಆ ಲೋಹದ ಹೆಸರು ‘ವೂಟ್ಸ್’. ನಮ್ಮ ‘ಉಕ್ಕು’ ಎಂಬ ಪದವೇ ಬಾಯಿಂದ ಬಾಯಿಗೆ ಹೋಗಿ ಹಾಗಾಯಿತು ಎನ್ನುವುದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಕನ್ನಡದ, ತೆಲುಗಿನ ಒಂದು ಮಾತು ಹೀಗೆ ಬೊಂಬಾಯಿಯ ಹಡಗು ಹತ್ತಿ ಲಂಡನ್ನಿಗೆ ಹೋಗಿದೆ! ಇರಲಿ, ವಿಷಯಕ್ಕೆ ಬರೋಣ.

ಈಗ ನಿಮ್ಮ ಕೈಗೆ ಸಮುದ್ರದಡಿಯಿಂದ ತಂದ ಒಂದು ರಿವೆಟ್ ಕೊಟ್ಟರು ಎಂದುಕೊಳ್ಳಿ. ಒಳಗೆ ಎಷ್ಟು ಕಿಟ್ಟ ಇದೆ? ರಿವೆಟ್ಟನ್ನು ಕೊಯ್ದು, ಕನ್ನಡಿಯಂತೆ ಹೊಳಪು ಬರುವ ತನಕ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಬೆಳ್ಳಗಿನ ಕಬ್ಬಿಣದ ನಡುವೆ ಕಪ್ಪು ಬೂದು ಬಣ್ಣದ ಕಿಟ್ಟ ಕಾಣುತ್ತದೆ. ಆದರೆ ಕಾಣುವುದು ಒಂದು ಮೈ ಮಾತ್ರ, ಬೇಕಾಗಿರುವುದು ಇಡೀ ಗಾತ್ರದ ಲೆಕ್ಕ. ಚಿಕ್ಕಿಯ ಒಂದು ಕತ್ತರಿಸಿದ ಅಂಚು ನೋಡಿ ಇಡೀ ಚಿಕ್ಕಿಯಲ್ಲಿ ಶೇಂಗಾ ಎಷ್ಟು ಎಂದು ಹೇಳಲಾದೀತೇ?

ಆದೀತು ಎಂದು ತೋರಿಸಿದವರು ಫ್ರೆಂಚ್ ಭೂವಿಜ್ಞಾನಿ ಡೆಲೆಸ್, 1840ರ ದಶಕದ ಕೊನೆಯಲ್ಲಿ. ಸಾಕಷ್ಟು ಕಡೆ, ಪಕ್ಷಪಾತವಿಲ್ಲದೆ ಕೊಯ್ದು ನೋಡಿದರೆ ಕೊಯ್ದ ಮೈಯಲ್ಲಿ ಒಂದು ಪದಾರ್ಥ ಎಷ್ಟು ಪಾಲು ಜಾಗ ಹಿಡಿದಿದೆಯೋ, ಸರಾಸರಿಯಲ್ಲಿ ಗಾತ್ರದಲ್ಲೂ ಅಷ್ಟೇ ಪಾಲು ಇರುತ್ತದೆ. ಯಾಕೆಂದರೆ ಇಡೀ ತುಂಡು ಅಂದರೆ ತೆಳು ಹೋಳುಗಳ ಒಂದು ಅಟ್ಟಿ ತಾನೆ? ಒಂದೊಂದು ಹೋಳಿನ ಪಾಲನ್ನು ಕೂಡಿಸಿದರೆ ಇಡೀ ತುಂಡಿನ ಪಾಲೇ ಬರಬೇಕು. ಡೆಲೆಸ್ ಮಾಡಿದ ಕೆಲಸ ಕೇಳಿದರೆ ನಗು ಬರುತ್ತದೆ. ಹೊಳಪು ಮಾಡಿದ ಕಲ್ಲಿನ ಮೇಲೆ ಕಾಗದ ಇಟ್ಟು ಒಂದೊಂದು ಖನಿಜದ ಆಕಾರವನ್ನು ಬರೆದುಕೊಂಡು, ಅದನ್ನು ತವರದ ತೆಳು ಹಾಳೆಗೆ ಇಳಿಸಿ, ಕತ್ತರಿಯಿಂದ ಕತ್ತರಿಸಿ, ತಕ್ಕಡಿಯಲ್ಲಿ ತೂಗಿದರು! ಅರ್ಧ ಶತಮಾನದ ನಂತರ, 1898ರಲ್ಲಿ, ವಿಯೆನ್ನಾದ ರೋಸಿವಾಲ್, ಅಷ್ಟೆಲ್ಲ ಕತ್ತರಿಸುವುದು ಬೇಡ, ನಾಲ್ಕು ಗೆರೆ ಎಳೆದು ಗೆರೆಯ ಎಷ್ಟು ಉದ್ದ ಯಾವುದರ ಮೇಲೆ ಬಿತ್ತು ಅಂತ ಅಳೆದರೆ ಸಾಕು ಎಂದರು. 1933ರಲ್ಲಿ ಸೋವಿಯತ್ ರಷ್ಯಾದ ಗ್ಲಾಗೊಲೆವ್ ಇನ್ನೂ ಸುಲಭ ಮಾಡಿದರು: ಗೆರೆಯೂ ಬೇಡ, ಚುಕ್ಕಿ ಇಡಿ, ಎಣಿಸಿ.

ಚುಕ್ಕಿ ಅಂದರೆ ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕೆ? ಚುಕ್ಕಿ ರಂಗೋಲಿಯ ಹಾಗೆ ಸಮ ಅಂತರದ ಚುಕ್ಕಿಗಳ ಜಾಲವನ್ನು ಚಿತ್ರದ ಮೇಲೆ ಹಾಸಿ. 100 ಚುಕ್ಕಿಗಳಲ್ಲಿ 9 ಕಿಟ್ಟದ ಮೇಲೆ ಬಿದ್ದರೆ ಕಿಟ್ಟ ನೂರಕ್ಕೆ 9 ಪಾಲು. ಇಂದಿಗೂ ಪ್ರಯೋಗಾಲಯಗಳಲ್ಲಿ ಈ ವಿಧಾನಕ್ಕೆ ಮಾನ್ಯತೆ ಇದೆ, ಕಂಪ್ಯೂಟರ್ ಕೂಡ ಚಿತ್ರದ ಚುಕ್ಕಿಗಳನ್ನೇ ಎಣಿಸುವುದು. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದದ್ದು ಇದೇ. ಎಷ್ಟು ಡೊಂಕುಡೊಂಕಾದ ಆಕಾರ ಇರಲಿ, ಅದರ ಅಂಚನ್ನು ಅಳೆಯುವ ತಲೆನೋವೇ ಇಲ್ಲ. ಚುಕ್ಕಿ ಒಳಗೆ ಬಿತ್ತೋ ಹೊರಗೆ ಬಿತ್ತೋ, ಅಷ್ಟು ಹೇಳಿದರಾಯಿತು.

ಆದರೆ ಎಷ್ಟು ಚುಕ್ಕಿ ಎಣಿಸಿದಿರಿ ಎನ್ನುವುದು ಮುಖ್ಯ. ಚುಕ್ಕಿಗಳು ಸಾಕಷ್ಟು ದೂರ ದೂರ ಇದ್ದಾಗ, 100 ಚುಕ್ಕಿಯಲ್ಲಿ 9 ಬಿದ್ದರೆ ಆ 9ರಲ್ಲಿ ಆಚೆ ಈಚೆ ಸುಮಾರು 3ರ ಅನುಮಾನ ಇದ್ದೇ ಇರುತ್ತದೆ. ನಿಜವಾದ ಪಾಲು 6 ಇರಬಹುದು, 12 ಇರಬಹುದು. 1,000 ಚುಕ್ಕಿ ಎಣಿಸಿದರೆ ಅನುಮಾನ 1ಕ್ಕಿಂತ ಸ್ವಲ್ಪ ಕೆಳಗಿಳಿಯುತ್ತದೆ. ಹತ್ತು ಪಟ್ಟು ದುಡಿದರೆ ಮೂರು ಪಟ್ಟು ಲಾಭ. ನಮ್ಮ ಓವರ್‌ಟೈಮ್ ಲೆಕ್ಕದ ಹಾಗೇ. ಇನ್ನೊಂದು ಎಚ್ಚರ: ಇದು ಗಾತ್ರದ ಪಾಲು, ತೂಕದ ಪಾಲಲ್ಲ. ಕಿಟ್ಟ ಕಬ್ಬಿಣಕ್ಕಿಂತ ಹಗುರ, ಹೆಚ್ಚೂಕಡಿಮೆ ಅರ್ಧ ತೂಕ. ಹಾಗಾಗಿ ಗಾತ್ರದಲ್ಲಿ 9 ಇದ್ದದ್ದು ತಕ್ಕಡಿಯಲ್ಲಿ ನೂರಕ್ಕೆ 5ರ ಹತ್ತಿರ ಬರುತ್ತದೆ. ಎರಡು ಕಡೆಯ ಅಂಕಿಗಳು ತಾಳೆಯಾಗದಿದ್ದರೆ ಯಾರೋ ಸುಳ್ಳು ಹೇಳಿದರು ಎಂದಲ್ಲ, ಯಾವುದರ ಪಾಲು ಎಂದು ಕೇಳಬೇಕು.

‘ಎಷ್ಟು’ ಎಂಬುದಕ್ಕೆ ಉತ್ತರ ಸಿಕ್ಕಿತು. ಆದರೆ ‘ಎಷ್ಟು’ ಒಂದೇ ಸಾಲದು. ಇಡ್ಲಿಯನ್ನೇ ತೆಗೆದುಕೊಳ್ಳಿ. ಎರಡು ಇಡ್ಲಿಯಲ್ಲೂ ಗಾಳಿಯ ಪಾಲು ಒಂದೇ ಇರಬಹುದು. ಒಂದರಲ್ಲಿ ತೂತುಗಳು ಒಂದಕ್ಕೊಂದು ಸೇರಿಕೊಂಡಿರುತ್ತವೆ, ಸಾಂಬಾರು ಸುರಿದ ತಕ್ಷಣ ಹೀರಿಕೊಳ್ಳುತ್ತದೆ. ಇನ್ನೊಂದರಲ್ಲಿ ತೂತುಗಳು ಬಿಡಿಬಿಡಿ, ಸಾಂಬಾರು ಮೇಲೇ ನಿಲ್ಲುತ್ತದೆ. ಪಾಲು ಒಂದೇ, ಸಂಪರ್ಕ ಬೇರೆ. ಇನ್ನು ಆಕಾರ. ದೋಸೆ ಹುಯ್ಯುವ ಬೀಡು ಕಬ್ಬಿಣದ ಕಾವಲಿ ಕೈಜಾರಿ ನೆಲಕ್ಕೆ ಬಿದ್ದರೆ ಠಣ್ ಎಂದು ಎರಡು ಹೋಳು. ಅದರಲ್ಲಿ ಇಂಗಾಲವು ತೆಳು ಎಲೆಗಳಂತೆ ಹರಡಿಕೊಂಡಿರುತ್ತದೆ. ಎಲೆಯ ಚೂಪಾದ ಅಂಚಿನಲ್ಲೇ ಬಿರುಕು ಹುಟ್ಟಿ ಎಲೆಯಿಂದ ಎಲೆಗೆ ಓಡುತ್ತದೆ. 1940ರ ದಶಕದಲ್ಲಿ ಇದೇ ಬೀಡು ಕಬ್ಬಿಣಕ್ಕೆ ಚಿಟಿಕೆಯಷ್ಟು ಮೆಗ್ನೀಸಿಯಮ್ ಅಥವಾ ಸೀರಿಯಮ್ ಹಾಕಿದರೆ ಇಂಗಾಲ ಎಲೆಯಾಗದೆ ಸಾಸಿವೆಯಂತೆ ಗುಂಡಗಾಗುತ್ತದೆ ಎಂದು ಕಂಡುಕೊಂಡರು. ಇಂಗಾಲದ ಪಾಲು ಬಹುಮಟ್ಟಿಗೆ ಅಷ್ಟೇ, ಆದರೆ ಈ ಕಬ್ಬಿಣ ಒಡೆಯುವ ಮುಂಚೆ ಬಾಗುತ್ತದೆ. ನಮ್ಮ ನಗರಗಳ ರಸ್ತೆಯಡಿ ಕುಡಿಯುವ ನೀರು ಸಾಗಿಸುವ ಎಷ್ಟೋ ಕೊಳವೆಗಳು ಈ ಜಾತಿಯವು.

ಆಕಾರ ಗೊತ್ತುಮಾಡಲು ಒಂದು ಕೊಯ್ತ ಸಾಲುವುದಿಲ್ಲ. ಕಬ್ಬನ್ನು ಅಡ್ಡ ಕೊಯ್ದರೆ ನಾರು ಚುಕ್ಕಿಯಾಗಿ ಕಾಣುತ್ತದೆ, ಉದ್ದ ಸೀಳಿದರೆ ಗೆರೆಯಾಗಿ. ಅಡ್ಡಗೊಯ್ತ ಮಾತ್ರ ನೋಡಿದವರು ಒಳಗೆ ಸಾಬೂದಾಣಿ ಇದೆ ಎಂದು ಬರೆದುಬಿಟ್ಟಾರು! ಇದಕ್ಕೆ ಒಂದು ಜಾಣ ಅಳತೆ ಇದೆ. ಚಿನ್ನಿದಾಂಡಿನ ಚಿನ್ನಿಯಷ್ಟು ಪುಟ್ಟ ಕಡ್ಡಿಯನ್ನು ಚಿತ್ರದ ಮೇಲೆ ಮತ್ತೆ ಮತ್ತೆ ಎಸೆಯುತ್ತೀರಿ ಎಂದುಕೊಳ್ಳಿ. ಕಡ್ಡಿಯ ಎರಡೂ ತುದಿ ಕಿಟ್ಟದ ಮೇಲೇ ಬೀಳುವುದು ನೂರರಲ್ಲಿ ಎಷ್ಟು ಸಲ? ಕಡ್ಡಿಯ ಉದ್ದ ಸೊನ್ನೆ ಎಂದರೆ ಅದು ಬರೀ ಚುಕ್ಕಿ, ಉತ್ತರ 9. ಕಡ್ಡಿ ತುಂಬಾ ಉದ್ದವಾದರೆ ಒಂದು ತುದಿಗೂ ಇನ್ನೊಂದಕ್ಕೂ ಸಂಬಂಧವೇ ಇರುವುದಿಲ್ಲ. ಆಗ ನೂರಕ್ಕೆ 9ರಲ್ಲಿ ಮತ್ತೆ ನೂರಕ್ಕೆ 9, ಅಂದರೆ ನೂರಕ್ಕೆ 1ಕ್ಕಿಂತಲೂ ಕಡಿಮೆ. ಈ 9ರಿಂದ 1ಕ್ಕೆ ಎಷ್ಟು ಬೇಗ ಇಳಿಯುತ್ತದೆ ಎಂಬುದೇ ಕಿಟ್ಟದ ತುಣುಕುಗಳು ಎಷ್ಟು ದೊಡ್ಡವು ಎಂದು ಹೇಳುತ್ತದೆ. ಕಡ್ಡಿಯನ್ನು ರಿವೆಟ್ಟಿನ ಉದ್ದಕ್ಕೆ ಇಟ್ಟಾಗ ನಿಧಾನವಾಗಿ ಇಳಿದು, ಅಡ್ಡಕ್ಕೆ ಇಟ್ಟಾಗ ತಟ್ಟನೆ ಇಳಿದರೆ ಅದು ಉದ್ದಕ್ಕೆ ಎಳೆದ ನಾರು ಎಂದು ಲೆಕ್ಕವೇ ಹೇಳುತ್ತದೆ, ಕಣ್ಣಂದಾಜು ಬೇಕಿಲ್ಲ.

ಈಗ ರಿವೆಟ್ಟಿಗೆ ವಾಪಸ್ ಬರೋಣ. ಅಮೆರಿಕದ ಸರ್ಕಾರಿ ಮಾಪನ ಸಂಸ್ಥೆ ನಿಸ್ಟ್‌ನ ಲೋಹತಜ್ಞ ಟಿಮ್ ಫೋಕೆ 1998ರಲ್ಲಿ ಟೈಟಾನಿಕ್ ಲೋಹದ ಮೇಲೆ ವರದಿ ಪ್ರಕಟಿಸಿದರು. ಅವರು ಕೊಯ್ದು ನೋಡಿದ ರಿವೆಟ್ಟಿನಲ್ಲಿ ಕಿಟ್ಟ ನೂರಕ್ಕೆ 9ಕ್ಕೂ ಮೇಲೆ. ಆ ಕಾಲದ ಒಳ್ಳೆಯ ಮೆದು ಕಬ್ಬಿಣದಲ್ಲಿ ಇರಬೇಕಾದದ್ದು 2-3. ಪ್ರಮಾಣಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ದಿಕ್ಕಿನ ವಿಷಯ. ರಿವೆಟ್ಟಿನ ಕಾಂಡದಲ್ಲಿ ಕಿಟ್ಟದ ನಾರುಗಳು ಉದ್ದುದ್ದಕ್ಕೆ ಇದ್ದವು, ಸರಿಯೇ. ಎಳೆತವೂ ಅದೇ ದಿಕ್ಕಿನಲ್ಲಿ, ಹಾಗಾಗಿ ಅಷ್ಟು ಅಪಾಯವಿಲ್ಲ. ಆದರೆ ತುದಿಯನ್ನು ಬಡಿದು ತಲೆ ಮಾಡಿದ ಜಾಗದಲ್ಲಿ ಕಬ್ಬಿಣ ಹೂವಿನಂತೆ ಹೊರಕ್ಕೆ ಅರಳುತ್ತದೆ. ಜೊತೆಗೆ ನಾರುಗಳೂ ತಿರುಗಿ ಅಡ್ಡಡ್ಡ ಮಲಗಿಬಿಡುತ್ತವೆ. ಹಲಗೆ ಎಳೆದಾಗ ಆ ಎಳೆತ ಗಾಜಿನಂಥ ನಾರನ್ನು ಉದ್ದಕ್ಕೆ ಎಳೆಯುವುದಿಲ್ಲ, ಪದರ ಬಿಡಿಸುವಂತೆ ಕೀಳುತ್ತದೆ. ಸೌದೆ ಸೀಳಿದವರಿಗೆ ಗೊತ್ತು, ನಾರಿನ ಗುಂಟ ಕೊಡಲಿ ಬಿದ್ದರೆ ಮರ ಎಷ್ಟು ಸುಲಭವಾಗಿ ಬಿಚ್ಚಿಕೊಳ್ಳುತ್ತದೆ ಅಂತ. ತಲೆ ಹಾರಿಹೋದರೆ ರಿವೆಟ್ ತೂತಿನಿಂದ ಜಾರುತ್ತದೆ, ಅದರ ಭಾರ ಪಕ್ಕದ್ದಕ್ಕೆ ಬೀಳುತ್ತದೆ, ಅಂಗಿಯ ಒಂದು ಗುಂಡಿ ಹೋದ ಮೇಲೆ ಉಳಿದವು ಹೋಗುವ ಹಾಗೆ ಸಾಲು ಬಿಚ್ಚುತ್ತದೆ.

ಒಂದೆರಡು ರಿವೆಟ್ ನೋಡಿ ಹೀಗೆ ತೀರ್ಪು ಕೊಡಬಾರದು. ಆ ಕೆಲಸವನ್ನು ಮುಂದುವರಿಸಿದವರು ಜೆನಿಫರ್ ಹೂಪರ್ ಮೆಕಾರ್ಟಿ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ಡಾಕ್ಟರೇಟಿಗೆ ಎತ್ತಿಕೊಂಡರು. ಒಟ್ಟು 48 ರಿವೆಟ್‌ಗಳ ಪರೀಕ್ಷೆಯಾಯಿತು. ಕಿಟ್ಟದ ಪ್ರಮಾಣ ಒಂದರಿಂದ ಒಂದಕ್ಕೆ ಬಹಳ ಹೆಚ್ಚುಕಡಿಮೆ ಇತ್ತು, ಕೆಲವು ಚೆನ್ನಾಗಿಯೇ ಇದ್ದವು. ಹಾರ್ಲೆಂಡ್ ಅಂಡ್ ವುಲ್ಫ್‌ನ ಹಳೆಯ ಕಡತಗಳನ್ನು ತೆಗೆದು ನೋಡಿದಾಗ ಎರಡು ಸಂಗತಿ ಸಿಕ್ಕವು. ಮೂರು ಭಾರಿ ಹಡಗುಗಳನ್ನು ಒಟ್ಟಿಗೆ ಹಿಡಿದದ್ದರಿಂದ ಪಳಗಿದ ರಿವೆಟ್ ಕೆಲಸಗಾರರ ಕೊರತೆ ಇತ್ತು. ರಿವೆಟ್ಟಿಗೆ ತರಿಸಿದ ಕಬ್ಬಿಣ ‘ಬೆಸ್ಟ್’ ದರ್ಜೆಯದು, ಅದಕ್ಕೂ ಮೇಲಿನ ‘ಬೆಸ್ಟ್-ಬೆಸ್ಟ್’ ಅಲ್ಲ. 2008ರಲ್ಲಿ ಇಬ್ಬರೂ ಸೇರಿ ಪುಸ್ತಕ ಬರೆದರು. ಹಡಗಿನ ಗಾಯ ಹೆಚ್ಚೂಕಡಿಮೆ ಕಬ್ಬಿಣದ ರಿವೆಟ್ ಮುಗಿದು ಉಕ್ಕಿನ ರಿವೆಟ್ ಶುರುವಾಗುವ ಜಾಗದ ಹತ್ತಿರವೇ ನಿಂತಿದೆ ಎಂಬುದನ್ನೂ ಬೊಟ್ಟು ಮಾಡಿದರು. ಮುಂದಿನ ನಾಲ್ಕು ಕೋಣೆ ತುಂಬಿದರೂ ತೇಲುವಂತೆ ಕಟ್ಟಿದ ಹಡಗು ಅದು. ರಿವೆಟ್ ಇನ್ನಷ್ಟು ಗಟ್ಟಿಯಿದ್ದು ಗಾಯ ಇನ್ನಷ್ಟು ಚಿಕ್ಕದಾಗಿದ್ದರೆ, ಕಾರ್ಪೇಥಿಯಾ ಬರುವ ತನಕ ಹಡಗು ತಡೆಯಬಹುದಿತ್ತು ಎನ್ನುವುದು ಅವರ ವಾದ.

ಕಂಪನಿಯವರು ಒಪ್ಪಲಿಲ್ಲ. ಅವರ ಮಾತಿನಲ್ಲೂ ಹುರುಳಿದೆ. ಟೈಟಾನಿಕ್ಕಿನ ಅಕ್ಕ ಒಲಿಂಪಿಕ್ ಅದೇ ಅಂಗಳದಲ್ಲಿ ಅದೇ ರೀತಿ ಕಟ್ಟಿದ ಹಡಗು. 1911ರಲ್ಲಿ ಒಂದು ಯುದ್ಧನೌಕೆಗೆ ಡಿಕ್ಕಿ ಹೊಡೆದುಕೊಂಡಿತು, 1918ರಲ್ಲಿ ಜರ್ಮನ್ ಜಲಾಂತರ್ಗಾಮಿಯೊಂದನ್ನು ಗುದ್ದಿ ಮುಳುಗಿಸಿತು, 1935ರ ತನಕ ದುಡಿದು ನಿವೃತ್ತಿಯಾಯಿತು. ಹಾಗೆಂದು ರಿವೆಟ್ಟಿನ ಕಥೆ ಸುಳ್ಳಾಗುವುದಿಲ್ಲ. ಒಲಿಂಪಿಕ್ಕಿನ ಮೂತಿಯ ಪಕ್ಕೆ ಅಷ್ಟು ದೂರ ಹಿಮಗಡ್ಡೆಗೆ ಉಜ್ಜಿಕೊಳ್ಳಲಿಲ್ಲ. ನನ್ನನ್ನು ಕೇಳಿದರೆ, ಹಿಮಗಡ್ಡೆಯ ಎಚ್ಚರಿಕೆಗಳು ಬಂದ ಮೇಲೂ ರಾತ್ರಿ ಅಷ್ಟು ವೇಗದಲ್ಲಿ ಹೋದದ್ದು, 2,200 ಜನರಿಗೆ 1,178 ಜನರ ದೋಣಿ ಇಟ್ಟದ್ದು, ಇವೆರಡರ ಮುಂದೆ ಕಿಟ್ಟದ ಅಪರಾಧ ಚಿಕ್ಕದು. ಹಡಗನ್ನು ಮುಳುಗಿಸಿದ್ದು ಕಿಟ್ಟವಲ್ಲ. ಅದು ಕದ್ದಿದ್ದರೆ ಸಮಯವನ್ನು ಕದ್ದಿರಬಹುದು. ಸಾಯುವವರಿಗೆ ಆ ಸಮಯವೇ ಬೇಕಾಗಿತ್ತು ಎಂಬುದೂ ನಿಜ.

ಇಲ್ಲಿಗೂ ಚುಕ್ಕಿ ರಂಗೋಲಿಯ ಲೆಕ್ಕವನ್ನೇ ಹಚ್ಚಿ ನೋಡಿ. 30 ಲಕ್ಷದಲ್ಲಿ 48. ಅವು ಕಡಲಡಿಯ ಅವಶೇಷದಿಂದ ಹೇಗೆ ಸಿಕ್ಕವೋ ಹಾಗೆ ಬಂದವು, ಯಾರೂ ಚುಕ್ಕಿ ಇಟ್ಟು ಆರಿಸಿದ್ದಲ್ಲ. ಹಿಮಗಡ್ಡೆ ತಾಗಿದ ಆ ಸಾಲಿನವು ಅವುಗಳಲ್ಲಿ ಇಲ್ಲ. ಸುಮಾರು 3,800 ಮೀಟರ್ ಆಳದಲ್ಲಿ ಹಡಗಿನ ಮೂತಿ ಕೆಸರಿನಲ್ಲಿ ಹೂತು ಕೂತಿದೆ. 2022ರಲ್ಲಿ ಇಡೀ ಅವಶೇಷವನ್ನು ಲಕ್ಷಾಂತರ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿದಾಗಲೂ ಬಲಪಕ್ಕೆಯ ಆ ಹೊಲಿಗೆ ಕೆಸರಿನ ಕೆಳಗೇ ಉಳಿಯಿತು.